ಲಾರೀಲಿ ಬಂದ ಹಿಮ

ನಮ್ಮೂರಲ್ಲಿ ನನ್ನ ಬಗ್ಗೆ ಒಂದು ಅರ್ಧ ಸುಳ್ಳು ಓಡಾಡುತ್ತಿದೆ. ನಾನು ಒಲಿಂಪಿಕ್ಸ್‌ಗೆ ಹೋಗಿ ಬಂದವನು ಅಂತ. ಹೋಗಿದ್ದು ನಿಜ. ಬಂದಿದ್ದೂ ನಿಜ. ಮಧ್ಯದಲ್ಲಿ ಏನು ಮಾಡಿದೆ ಅನ್ನುವುದನ್ನು ಮಾತ್ರ ಜನ ತಮಗೆ ಬೇಕಾದ ಹಾಗೆ ತುಂಬಿಕೊಂಡಿದ್ದಾರೆ. ಮೊನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಪಕ್ಕದವರಿಗೆ, "ಇವ್ರು ಒಲಿಂಪಿಕ್ಸ್ ಆಡಿದೋರು" ಅಂದರು. ಆ ಪಕ್ಕದವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಯಾವ ಆಟ?" ಅಂದರು. ಪರಿಚಯ ಮಾಡಿಸಿದವರು ನನ್ನನ್ನು ಕೇಳಲೂ ಇಲ್ಲ. "ಹಿಮದ ಆಟ" ಅಂದುಬಿಟ್ಟರು. ಅಷ್ಟರಲ್ಲಿ ಬಸ್ ಬಂತು, ಇಬ್ಬರೂ ಹತ್ತಿ ಹೋದರು. ತಿದ್ದಲು ಸಮಯವೇ ಸಿಗಲಿಲ್ಲ. ನಾನೂ ಅಷ್ಟೇನೂ ಅವಸರ ಮಾಡಲಿಲ್ಲ ಅನ್ನಿ.

ಆಗಿದ್ದು ಇಷ್ಟೇ. 2010ರ ಚಳಿಗಾಲದ ಒಲಿಂಪಿಕ್ಸ್ ಕೆನಡಾದ ವ್ಯಾಂಕೂವರ್‌ನಲ್ಲಿ ಫೆಬ್ರವರಿ 12ರಿಂದ 28ರವರೆಗೆ ನಡೆಯಿತು. ಅಡಿಕೆ ತೋಟಕ್ಕೆ ವಾಪಸ್ ಬರುವ ಮೊದಲು ನಾನು ಎರಡು ವರ್ಷ ಅದೇ ಊರಲ್ಲಿ ಕಂಪ್ಯೂಟರ್ ಕುಟ್ಟಿಕೊಂಡಿದ್ದೆ. ಆ ಕೂಟಕ್ಕೆ ಸುಮಾರು 25 ಸಾವಿರ ಸ್ವಯಂಸೇವಕರಿದ್ದರು. ಎಲ್ಲರಿಗೂ ನೀಲಿ ಜಾಕೀಟು. ಆ 25 ಸಾವಿರದಲ್ಲಿ ನಾನೂ ಒಬ್ಬ. ನನ್ನದು ದಾರಿ ತೋರಿಸುವ ಕೆಲಸ. ಶೌಚಾಲಯ ಆ ಕಡೆ, ಬಸ್ಸು ಈ ಕಡೆ.

ಅರ್ಜಿ ತುಂಬುವಾಗಲೇ ಮೊದಲ ಎಡವಟ್ಟು. ಹಿಮದ ಮೇಲೆ ಜಾರಿದ ಅನುಭವ ಇದೆಯಾ ಅಂತ ಕೇಳಿದ್ದರು. ಹಿಮ ನೋಡಿದವನಲ್ಲ, ನಿಜ. ಆದರೆ ಜಾರಿದ್ದೇನು ಕಮ್ಮಿಯಾ? ನಮ್ಮ ಕಡೆ ಹುಟ್ಟಿದ ಮಕ್ಕಳೆಲ್ಲ ಅಡಿಕೆ ಮರದಿಂದ ಸೋಗೆಯ ಜೊತೆ ಉದುರುವ ಹಾಳೆ ಮೇಲೆ ಕೂತು ಜಾರಿಯೇ ದೊಡ್ಡವರಾದದ್ದು. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗಿ ನುಣ್ಣಗಾಗಿರುತ್ತೆ. ಹಾಳೆಯ ಅಗಲ ಭಾಗದಲ್ಲಿ ಕೂತು, ಕಾಲಿನ ಮಧ್ಯೆ ಸೋಗೆ ಹಿಡಿದುಕೊಂಡು ಬಿಟ್ಟರೆ ಆಯ್ತು. ಮನೆಗೆ ಬಂದಾಗ ಚಡ್ಡಿಯ ಹಿಂಭಾಗ ಇರುತ್ತಿರಲಿಲ್ಲ. ಹಾಗಾಗಿ "ಸ್ವಲ್ಪ ಅನುಭವ ಇದೆ" ಅಂತ ಬರೆದೆ.

ಸಂದರ್ಶನ ಮಾಡಿದವರು ನಿವೃತ್ತ ಶಿಕ್ಷಕಿಯಂತೆ ಕಾಣುವ ಒಬ್ಬ ಹಿರಿಯ ಹೆಂಗಸು. ಎಲ್ಲಿ ಜಾರಿದ್ದು ಅಂದರು. ಹಾಳೆಯ ಕತೆ ಹೇಳಿದೆ. ಕೈಯಲ್ಲಿ ಅಗಲ ತೋರಿಸಿದೆ. ಅವರು ಬಹಳ ಗಂಭೀರವಾಗಿ, "ನಿಲ್ಲಿಸೋದು ಹೇಗೆ?" ಅಂತ ಕೇಳಿದರು.

"ನಿಲ್ಲಿಸೋದಿಲ್ಲ. ಕೆಳಗೆ ಒಂದು ಗೇರುಮರ ಇತ್ತು" ಅಂದೆ.

ಅವರು ಏನೋ ಬರೆದುಕೊಂಡರು. ಮೂರು ವಾರ ಬಿಟ್ಟು ದಾರಿ ತೋರಿಸುವ ಕೆಲಸ ಬಂತು.

ಹಾಳೆ ಅಂದರೆ ನಗಬೇಡಿ. ಆ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಬಾವುಟ ಹಿಡಿದ ಶಿವ ಕೇಶವನ್ ಅವರ ಆಟವೂ ಹೆಚ್ಚುಕಮ್ಮಿ ಅದೇ. ಲೂಜ್ ಅಂತಾರೆ. ಮಂಜುಗಡ್ಡೆಯ ಕಾಲುವೆಯಲ್ಲಿ ಸಣ್ಣ ಸ್ಲೆಡ್ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿಕೊಂಡು ಇಳಿಯೋದು. 1998ರಿಂದ 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸ್‌ಗೆ ಹೋದವರು ಅವರು. ಅಭ್ಯಾಸಕ್ಕೆ ಊರಲ್ಲಿ ಮಂಜಿನ ಕಾಲುವೆ ಇಲ್ಲ ಅಂತ ಸ್ಲೆಡ್‌ಗೆ ಚಕ್ರ ಕಟ್ಟಿಕೊಂಡು ಹಿಮಾಲಯದ ಟಾರು ರಸ್ತೆಯಲ್ಲಿ, ಲಾರಿಗಳ ಮಗ್ಗುಲಲ್ಲೇ ಇಳಿಯುತ್ತಿದ್ದರು. ನಮ್ಮ ಗುಡ್ಡದಲ್ಲಿ ಲಾರಿ ಇರಲಿಲ್ಲ, ಗೇರುಮರ ಒಂದೇ. ಅಷ್ಟು ಸೌಲಭ್ಯ ಇಟ್ಟುಕೊಂಡೂ ನಾವ್ಯಾರೂ ಮುಂದೆ ಬರಲಿಲ್ಲ ನೋಡಿ.

ಊರಿಗೂ ವ್ಯಾಂಕೂವರ್‌ಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ನಾನು ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಅಮ್ಮ ಅಲ್ಲಿ ಮಾರನೇ ದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಒಲಿಂಪಿಕ್ಸ್‌ನಲ್ಲಿ ಕೆಲಸ ಸಿಕ್ತು ಅಂದೆ. ಖುಷಿಯಾಯ್ತು ಅವಳಿಗೆ.

"ಸಂಬಳ ಎಷ್ಟು ಕೊಡ್ತಾರಾ?"

"ಸಂಬಳ ಇಲ್ಲಮ್ಮ. ಸುಮ್ನೆ ಸೇವೆ."

ಆ ಕಡೆ ಹೆಂಚಿನ ಮೇಲೆ ರೊಟ್ಟಿ ಮಗುಚಿದ ಸದ್ದು. ಆಮೇಲೆ, "ಮನೇಲಿ ಇರೋ ತನಕ ತೋಟದಿಂದ ಒಂದು ಹಾಳೆ ಎತ್ತಿ ತಂದವನಲ್ಲ. ಅಲ್ಲಿ ಹೋಗಿ ಪುಕ್ಕಟೆ ಚಾಕರಿ ಮಾಡ್ತೀಯನಾ?" ಅಂದಳು. ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ನನ್ನನ್ನು ಹಾಕಿದ್ದು ಸೈಪ್ರೆಸ್ ಮೌಂಟನ್ ಅನ್ನುವ ಗುಡ್ಡಕ್ಕೆ. ಸ್ನೋಬೋರ್ಡ್, ಫ್ರೀಸ್ಟೈಲ್ ಸ್ಕೀಯಿಂಗ್ ಎಲ್ಲ ಅಲ್ಲೇ. ನಾನು ಮೊದಲೇ ಅಂಗಡಿಗೆ ಹೋಗಿ ಮೈನಸ್ ಇಪ್ಪತ್ತಕ್ಕೂ ತಡೆಯುವ ಒಳಉಡುಪು, ಅದರ ಮೇಲೊಂದು, ಅದರ ಮೇಲೆ ಇನ್ನೊಂದು ಅಂತ ಕೊಂಡಿದ್ದೆ. ತಿಂಗಳ ಬಾಡಿಗೆಯಷ್ಟು ಖರ್ಚು. ಎಲ್ಲ ಹಾಕಿಕೊಂಡು ನಿಂತರೆ ಹಳೇ ಕಾಲದ ಭತ್ತದ ಮೂಡೆ ಥರ ಕಾಣುತ್ತಿದ್ದೆ. ಬಸ್ಸಿನಲ್ಲಿ ಮೇಲೆ ಹೋಗಿ ಇಳಿದೆ. ಜೀವನದಲ್ಲಿ ಮೊದಲ ಸಲ ಹಿಮದ ಬೆಟ್ಟಕ್ಕೆ ಕಾಲಿಡುತ್ತಿದ್ದೇನೆ ಅಂತ ಎದೆ ಢವಢವ ಅನ್ನುತ್ತಿತ್ತು.

ಮಳೆ ಹುಯ್ಯುತ್ತಿತ್ತು.

ಸುಮ್ನೆ ಹನಿ ಅಲ್ಲ. ನಮ್ಮ ಪುಷ್ಯ ಮಳೆ ಇದೆಯಲ್ಲ, ಅದರ ತಮ್ಮನ ಹಾಗಿತ್ತು. ಮೋಡ ಗುಡ್ಡದ ಮೇಲೇ ಕೂತಿತ್ತು. ಹತ್ತು ಮಾರು ಆಚೆ ಏನಿದೆ ಅಂತ ಕಾಣುತ್ತಿರಲಿಲ್ಲ. ವಾಸನೆ ಕೂಡ ಅದೇ, ಒದ್ದೆ ಮಣ್ಣು, ಒದ್ದೆ ಮರ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ಪಕ್ಕದಲ್ಲೇ ಹುಟ್ಟಿದವನು ನಾನು. ಮಳೆ ಸಾಕಾಗಿ ಹಿಮ ನೋಡೋಣ ಅಂತ ಭೂಮಿಯ ಆ ಮಗ್ಗುಲಿಗೆ ಹೋದರೆ, ಅದು ನನಗಿಂತ ಮೊದಲೇ ಬಂದು ಕಾಯುತ್ತಿತ್ತು.

ಆ ವರ್ಷ ಜನವರಿಯಲ್ಲಿ ಅಲ್ಲಿ ಲೆಕ್ಕಕ್ಕಿಂತ ಜಾಸ್ತಿ ಬೆಚ್ಚಗಾಗಿ, ಮಳೆಯೂ ಸುರಿದು, ಗುಡ್ಡದ ಹಿಮ ಕರಗಿ ಹೋಗಿತ್ತು. ಒಲಿಂಪಿಕ್ಸ್ ನಿಲ್ಲಿಸೋಕಾಗುತ್ತಾ? ಇನ್ನೂರು ಕಿಲೋಮೀಟರ್‌ಗೂ ಆಚೆಯ ಮ್ಯಾನಿಂಗ್ ಪಾರ್ಕ್ ಅನ್ನುವ ಜಾಗದಿಂದ ಲಾರಿ ಲಾರಿ ಹಿಮ ತರಿಸಿದರು. ಹೆಲಿಕಾಪ್ಟರ್ ಹಾರಿಸಿದರು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು, ಹಿಮ ಸಾಲದು ಅಂತ ಅಡಿಯಲ್ಲಿ ಒಣಹುಲ್ಲಿನ ಪೆಂಡಿ ಜೋಡಿಸಿ, ಮೇಲೆ ಹಿಮ ಬಳಿದದ್ದು. ಸೆಗಣಿ ಸಾರಿಸಿದ ಅಂಗಳದ ಥರ, ಮೇಲೆ ನೋಡೋಕೆ ಚಂದ.

ಅಮ್ಮನಿಗೆ ವರದಿ ಒಪ್ಪಿಸಿದೆ.

"ಹಿಮ ಹೆಂಗಿದೆ?"

"ಲಾರೀಲಿ ಬರ್ತಾ ಇದೆಯಮ್ಮ."

"ಲಾರೀಲಾ? ಹೊಳೆ ಮರಳು ಬಂದ ಹಂಗಾ? ಮತ್ತೆ ಅಲ್ಲಿ ಎಂತ ಬೀಳ್ತಿದೆ?"

"ಮಳೆ."

"ಮಳೆಗೆ ಅಲ್ಲೀವರೆಗೆ ಎಂತಕ್ಕೆ ಹೋಗಬೇಕಿತ್ತಾ ಮಾರಾಯಾ" ಅಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಆ ಹುಲ್ಲು ಕೊನೆಗೆ ಎಂತ ಮಾಡ್ತಾರೆ, ನೆಂದಿದ್ದನ್ನ ದನ ಮುಟ್ಟಲ್ಲ" ಅಂದಳು. ಜಗತ್ತೆಲ್ಲ ಪದಕದ ಲೆಕ್ಕ ಹಾಕುತ್ತಿದ್ದಾಗ ಆ ಹುಲ್ಲಿನ ಮುಂದಿನ ಗತಿ ಯೋಚಿಸಿದವಳು ಅವಳೊಬ್ಬಳೇ ಇರಬೇಕು.

ನನ್ನ ಸ್ಥಿತಿ ಹೇಳುತ್ತೇನೆ. ಮೈನಸ್ ಇಪ್ಪತ್ತಕ್ಕೆ ಮಾಡಿದ ಬಟ್ಟೆಯೊಳಗೆ ಬೆವರು, ಹೊರಗೆ ಮಳೆ. ಮರುದಿನ ಊರಿಂದ ತಂದಿದ್ದ ಕರೀ ಉದ್ದ ಕೊಡೆ ಹಿಡಿದುಕೊಂಡು ಹೋದೆ. ಹಿಂದಿನವರಿಗೆ ಆಟ ಕಾಣುವುದಿಲ್ಲ, ಮಡಚಿ ಅಂದರು. ಸರಿ, ಕಸದ ದೊಡ್ಡ ಪ್ಲಾಸ್ಟಿಕ್ ಚೀಲ ಒಂದು ಇಸಕೊಂಡೆ. ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆಗೆ ಹಾಕಿಕೊಂಡೆ. ನಮ್ಮ ಕಡೆ ಮಳೆಗೆ ತಲೆ ಮೇಲಿಂದ ಹೊದೆಯುವ ಕೊಪ್ಪೆ! ಗೊಬ್ಬರದ ಚೀಲದಲ್ಲಿ ಮಾಡಿದಷ್ಟು ಗಟ್ಟಿ ಬರಲಿಲ್ಲ, ಆದರೂ ಅಡ್ಡಿಯಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿ ನೋಡಿ ತನಗೊಂದು ಬೇಕು ಅಂದಳು. ಆಮೇಲೆ ಇನ್ನೊಬ್ಬ. ಅರ್ಧ ಗಂಟೆಯಲ್ಲಿ ನಾಲ್ಕು ಜನ ಕೆನಡಾದವರು ಕೊಪ್ಪೆ ಹಾಕಿಕೊಂಡು, ನಾಟಿಗೆ ಹೊರಟವರ ಥರ ಸಾಲಾಗಿ ನಿಂತಿದ್ದರು. ಒಲಿಂಪಿಕ್ ಚಳವಳಿಗೆ ನಾನು ಕೊಟ್ಟ ಕಾಣಿಕೆ ಏನಾದರೂ ಇದ್ದರೆ ಇದೊಂದೇ. ಅದೂ ಹತ್ತು ನಿಮಿಷ ಬಾಳಿತು. ನಮ್ಮ ಗುಂಪಿನ ಮುಖ್ಯಸ್ಥೆ ಬಂದು, ಜಾಕೀಟು ಕಾಣಬೇಕು, ತೆಗೆಯಿರಿ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಐವರು ಕಸದ ಚೀಲಗಳು ದಾರಿ ತೋರಿಸಿದರೆ ಯಾರು ನಂಬುತ್ತಾರೆ?

ಹುಲ್ಲಿನ ಮೇಲೆ ಹಿಮ ಬಳಿದಿದ್ದರು ಅಂದೆನಲ್ಲ. ಜನ ನಿಂತು ನೋಡುವ ಜಾಗವೂ ಹಾಗೇ ಇತ್ತು. ಮಳೆಗೆ ಮೇಲಿನ ಹಿಮ ಕರಗಿತು. ಪೆಂಡಿಗಳ ಸಂದು ಟೊಳ್ಳಾಯಿತು. ನೋಡೋಕೆ ಮಾತ್ರ ಬೆಳ್ಳಗೆ, ಸಪಾಟು. ನಾನು ಯಾರಿಗೋ ಕೈ ತೋರಿಸುತ್ತ ಒಂದು ಹೆಜ್ಜೆ ಹಿಂದಿಟ್ಟೆ. ಬಲಗಾಲು ಮಂಡಿವರೆಗೆ ಒಳಗೆ ಹೋಯ್ತು.

ಇಲ್ಲಿ ನನ್ನ ಅನುಭವ ಕೆಲಸಕ್ಕೆ ಬಂತು. ಗದ್ದೆಯ ಹುದುಲಲ್ಲಿ ಸಿಕ್ಕಿಬಿದ್ದರೆ ಕಾಲನ್ನು ಸೀದಾ ಎಳೆಯಬಾರದು. ಮೆಲ್ಲಗೆ ಪಕ್ಕಕ್ಕೆ ವಾಲಿ, ಅಂಡಿನ ಮೇಲೆ ಭಾರ ಹಾಕಿ, ಹಿಮ್ಮಡಿ ತಿರುಗಿಸಿ ತೆಗೆಯಬೇಕು. ಹಾಗೇ ಮಾಡಿದೆ. ಕಾಲು ಬಂತು. ಬೂಟು ಬರಲಿಲ್ಲ. ಗದ್ದೆಗೆ ಬೂಟು ಹಾಕಿಕೊಂಡು ಇಳಿದವನು ಯಾವನಿದ್ದಾನೆ? ಆ ಭಾಗದ ಅನುಭವ ಇರಲಿಲ್ಲ. ಹೊಟ್ಟೆ ಮೇಲೆ ಮಲಗಿ, ಕೈಯನ್ನು ಹೆಗಲವರೆಗೆ ತೂರಿಸಿ ಬೂಟು ಹುಡುಕುತ್ತಿದ್ದಾಗ ಒಬ್ಬ ತಾತ ಬಂದು, "ಏನಾದ್ರೂ ಸಹಾಯ ಬೇಕಾ?" ಅಂದರು. ನನ್ನ ಬೆನ್ನ ಮೇಲೆ "ನಿಮಗೆ ಸಹಾಯ ಮಾಡಲು ನಾನಿದ್ದೇನೆ" ಅಂತ ಬರೆಸಿಕೊಂಡಿರಲಿಲ್ಲ, ಪುಣ್ಯ.

ಆಮೇಲೆ ನಿಂತು ನೋಡುವ ಆ ಜಾಗ ಅಪಾಯ ಅಂತ ತೀರ್ಮಾನಿಸಿ ಸುಮಾರು 28 ಸಾವಿರ ಟಿಕೆಟ್ ರದ್ದು ಮಾಡಿ ದುಡ್ಡು ವಾಪಸ್ ಕೊಟ್ಟರು. ಇದು ನನ್ನ ಒಂದು ಕಾಲಿನಿಂದಲೇ ಆಯ್ತು ಅಂತ ನಾನು ಹೇಳುವುದಿಲ್ಲ. ಊರಲ್ಲಿ ಮಾತ್ರ ಹಾಗೇ ಹೇಳಿದ್ದೇನೆ.

ಎಡವಟ್ಟು ನನಗೊಬ್ಬನಿಗೇ ಆಗಿದ್ದಲ್ಲ ಅನ್ನುವುದೊಂದು ಸಮಾಧಾನ. ಉದ್ಘಾಟನೆಯ ರಾತ್ರಿ ಜ್ಯೋತಿ ಹೊತ್ತಿಸಲು ನೆಲದೊಳಗಿಂದ ನಾಲ್ಕು ಕಂಬ ಏಳಬೇಕಿತ್ತು. ಮೂರು ಎದ್ದವು. ನಾಲ್ಕನೆಯದು ಏಳಲಿಲ್ಲ. ಪಂಜು ಹಿಡಿದು ನಿಂತ ನಾಲ್ವರಲ್ಲಿ ಕೆನಡಾದ ಸ್ಪೀಡ್ ಸ್ಕೇಟಿಂಗ್ ಆಟಗಾರ್ತಿ ಕ್ಯಾಟ್ರಿಯೋನಾ ಲೆ ಮೇ ಡೋನ್ ಅವರಿಗೆ ಹೊತ್ತಿಸಲು ಕಂಬವೇ ಇಲ್ಲ. ಜಗತ್ತಿಡೀ ನೋಡುತ್ತಿದೆ. ಪಾಪ, ಪಂಜು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನಮ್ಮೂರಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಜನ ಗೂಟ, ಹಾರೆ, ಹಗ್ಗ ಹಿಡಿದು ವೇದಿಕೆಗೆ ಹತ್ತಿ, "ಏಯ್, ಆ ಕಡೆಯಿಂದ ಮೀಟಾ" ಅಂತ ಶುರು ಮಾಡುತ್ತಿದ್ದರು. ಆ ಕಂಬಕ್ಕೆ ಒಂದು ಗತಿ ಕಾಣಿಸುತ್ತಿದ್ದರು. ಕೆನಡಾದವರು ಏನು ಮಾಡಿದರು ಗೊತ್ತಾ? ಸಮಾರೋಪದ ದಿನ ಒಬ್ಬ ವಿದೂಷಕನ ಕೈಯಲ್ಲಿ ಆ ಕಂಬವನ್ನು ಎಳೆದು ಎಬ್ಬಿಸುವ ನಾಟಕ ಆಡಿಸಿ, ಅದೇ ಹೆಣ್ಣುಮಗಳನ್ನು ಕರೆದು ಹೊತ್ತಿಸಿದರು. ತಮ್ಮ ಪಜೀತಿಯನ್ನು ತಾವೇ ಹಾಸ್ಯ ಮಾಡಿಕೊಂಡರು. ಅಲ್ಲಿಯ ಜನ ನನಗೆ ಹಿಡಿಸಿದ್ದು ಆ ದಿನ.

ಇನ್ನು ಫೆಬ್ರವರಿ 14. ಕೆನಡಾ ಅದಕ್ಕೂ ಮೊದಲು 1976ರಲ್ಲಿ, 1988ರಲ್ಲಿ ಎರಡು ಸಲ ತನ್ನ ನೆಲದಲ್ಲಿ ಒಲಿಂಪಿಕ್ಸ್ ನಡೆಸಿತ್ತು. ಒಂದೂ ಚಿನ್ನ ಬಂದಿರಲಿಲ್ಲ. ಆ ದಿನ ನಮ್ಮ ಗುಡ್ಡದಲ್ಲೇ, ಹಿಮದ ಉಬ್ಬುತಗ್ಗಿನ ಮೇಲೆ ಸ್ಕೀ ಮಾಡಿ ಇಳಿಯುವ ಮೊಗಲ್ಸ್ ಸ್ಪರ್ಧೆಯಲ್ಲಿ, ಅಲೆಕ್ಸಾಂಡ್ರ್ ಬಿಲೋಡೊ ಅನ್ನುವ ಹುಡುಗ ಆ ಮೊದಲ ಚಿನ್ನ ಗೆದ್ದ. ದೇಶವೇ ಕಾಯುತ್ತಿದ್ದ ಗಳಿಗೆ. ನಾನು ಎಷ್ಟು ಹತ್ತಿರದಲ್ಲಿದ್ದೆ ಅಂದರೆ ಜನರ ಕೂಗಿಗೆ ಕಿವಿ ಗುಯ್ ಅಂದಿತು. ಆದರೆ ಬೆನ್ನು ಹಾಕಿ ನಿಂತಿದ್ದೆ. ಒಬ್ಬರಿಗೆ ಶೌಚಾಲಯದ ದಾರಿ ಹೇಳುತ್ತಿದ್ದೆ. ಪಾಪ, ಅವರೂ ನೋಡಲಿಲ್ಲ. ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವರು, "ಎಡಕ್ಕೆ ಅಂದ್ರಾ, ಬಲಕ್ಕೆ ಅಂದ್ರಾ?" ಅಂತ ಕೇಳಿದರು.

ನಿಂತು ನೋಡುವ ಜಾಗ ಮುಚ್ಚಿದ ಮೇಲೆ ನನ್ನನ್ನು ಬಸ್ಸಿನ ಸಾಲಿಗೆ ಹಾಕಿದರು. ಅಲ್ಲಿ ನನ್ನ ಹುಟ್ಟುಗುಣ ಹೊರಗೆ ಬಂತು. ಮಲೆನಾಡಲ್ಲಿ ದಾರಿ ಕೇಳಿದರೆ ಯಾರೂ ದೂರ ಅನ್ನುವುದಿಲ್ಲ. "ಇಲ್ಲೇ, ಆ ತಿರುವು ದಾಟಿದ್ರೆ ಆಯ್ತು" ಅನ್ನುತ್ತೇವೆ. ಮೂರು ಮೈಲಿ ಇದ್ದರೂ ಅಷ್ಟೇ. ಕೇಳಿದವನಿಗೆ ಬೇಜಾರಾಗಬಾರದು ಅಂತ. ಎರಡು ಪುಟ್ಟ ಮಕ್ಕಳಿದ್ದ ಒಂದು ಸಂಸಾರಕ್ಕೆ ನಾನು ಅದೇ ಧಾಟಿಯಲ್ಲಿ, "ಇಲ್ಲೇ, ಐದೇ ನಿಮಿಷ" ಅಂದೆ. ಅರ್ಧ ಗಂಟೆ ಕಳೆದು ಅವರು ಅದೇ ದಾರಿಯಲ್ಲಿ ಏದುಸಿರು ಬಿಡುತ್ತ ವಾಪಸ್ ಬಂದರು. ನಾನು ಬೇರೆ ಸಾಲಿನ ಬಸ್ ನಿಲ್ಲುವ ಕಡೆ ಕಳಿಸಿದ್ದೆ. ಆ ತಂದೆ ನನ್ನನ್ನು ಬೈಯಲಿಲ್ಲ. "ಥ್ಯಾಂಕ್ ಯೂ" ಅಂದ. ಅಲ್ಲಿಯವರು ಸಿಟ್ಟು ಬಂದಾಗಲೂ ಅದನ್ನೇ ಹೇಳುತ್ತಾರೆ. ಧ್ವನಿಯಿಂದ ಅರ್ಥ ಮಾಡಿಕೊಳ್ಳಬೇಕು.

ಈ ಫೆಬ್ರವರಿಯಲ್ಲಿ ಇಟಲಿಯ ಮಿಲಾನ್, ಕೊರ್ಟಿನಾದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ ಮಗಳ ಜೊತೆ ಕೂತು ನೋಡಿದೆ. ಅವಳು ಆಟಗಾರರನ್ನು ನೋಡುತ್ತಿದ್ದಳು. ನನ್ನ ಕಣ್ಣು ಮಾತ್ರ ಮೂಲೆಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ನಿಂತಿರುವ ಸ್ವಯಂಸೇವಕರ ಮೇಲೆ. ಒಬ್ಬ ಹಿಂದಕ್ಕೆ ಹೆಜ್ಜೆ ಇಟ್ಟಾಗಲೆಲ್ಲ ನನ್ನ ಬಲಗಾಲು ತಾನಾಗಿ ಜುಮ್ ಅನ್ನುತ್ತಿತ್ತು.

ನನ್ನ ನೀಲಿ ಜಾಕೀಟು ಇನ್ನೂ ಇದೆ. ಕೊಟ್ಟಿಗೆಯ ಗೋಡೆಯ ಮೊಳೆಗೆ ನೇತುಹಾಕಿದ್ದೇವೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ, ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡ ಅದನ್ನು ಹಾಕಿಕೊಳ್ಳುತ್ತಾನೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಆ ಬೋರ್ಡೋ ದ್ರಾವಣವೂ ನೀಲಿ, ಜಾಕೀಟೂ ನೀಲಿ. ಮೈಮೇಲೆ ಸಿಡಿದರೂ ಕಲೆ ಗೊತ್ತಾಗುವುದಿಲ್ಲ. ಹೋದ ವರ್ಷ ಜುಲೈನಲ್ಲಿ, ಮಳೆ ಒಂದು ಘಳಿಗೆ ಹೊಳವಾದಾಗ ಮರ ಹತ್ತಿದ. ಅರ್ಧ ತೋಟ ಮುಗಿಯುವಷ್ಟರಲ್ಲಿ ಮತ್ತೆ ಹನಿ ಶುರುವಾಯ್ತು. ಅವನು ಸರಸರ ಇಳಿದು ಬಂದು, ಜಾಕೀಟು ಬಿಚ್ಚಿ, ನೀಟಾಗಿ ಮಡಚಿ, ಗೊಬ್ಬರದ ಚೀಲದೊಳಗೆ ಇಟ್ಟು, ತಾನು ಬರೀ ಬನಿಯನ್‌ನಲ್ಲಿ ನಿಂತ.

"ಎಂತಕ್ಕಾ ಬಿಚ್ಚಿದೆ? ಹಾಕಂಡಿರು" ಅಂದೆ.

"ಒಳ್ಳೇ ಜಾಕೀಟು ಗೌಡ್ರೆ, ಒಲಿಂಪಿಕ್ಸಿಂದು" ಅಂದ. "ಮಳೇಲಿ ನೆನೆಸಿ ಹಾಳು ಮಾಡ್ತಾರಾ ಯಾರಾದ್ರೂ?"