ಕೇಳಿದ್ದು ಸಿಕ್ಕ ಮೇಲೆ ಯಾರನ್ನು ಬೈಯೋದು?

ಅಲೆಕ್ಸಾಂಡ್ರಾ ಪಾಟರ್ ಅವರ ‘ಬಿ ಕೇರ್‌ಫುಲ್ ವಾಟ್ ಯು ವಿಶ್ ಫಾರ್’ ಕಾದಂಬರಿಯ ಬಗ್ಗೆ ಬರೆಯುತ್ತಾ, ಬಯಸಿದ್ದೆಲ್ಲ ಸಿಗುವ ಕಥೆಯಲ್ಲಿ ಮನಸ್ಸು ಮುರಿಯೋಕೆ ಜಾಗವೇ ಇಲ್ಲ ಅಂದಿದ್ದೀರಿ. ಇಲ್ಲ ಸರ್, ಒಪ್ಪೋದಿಲ್ಲ. ಲಂಡನ್ನಿನ ಆ ಹುಡುಗಿ ಜಿಪ್ಸಿ ಹೆಂಗಸಿನ ಹತ್ತಿರ ಅದೃಷ್ಟದ ಹೆದರ್ ಹೂವು ಕೊಳ್ಳುತ್ತಾಳೆ (ಹುಡುಗಿಯ ಹೆಸರೂ ಹೆದರ್, ನನಗೆ ಪ್ರತಿ ಸಲ ‘ಹೆದರ್‌ಬೇಡ’ ಅಂತಲೇ ಕೇಳಿಸುತ್ತೆ), ಆಮೇಲೆ ಸುಮ್ನೆ ಅಂದುಕೊಂಡಿದ್ದೂ ನಿಜವಾಗುತ್ತೆ, ಪಕ್ಕದ ಮನೆಯಲ್ಲೇ ಹೇಳಿ ಮಾಡಿಸಿದಂಥ ಗಂಡೂ ಸಿಗುತ್ತಾನೆ. ಕಷ್ಟ ಶುರುವಾಗೋದೇ ಅಲ್ಲಿ, ಅಲ್ವಾ?

23ನೇ ವಯಸ್ಸಿನಲ್ಲಿ ನಾನೂ ಊರ ದೇವಿಯ ಮುಂದೆ, ಬಲಗಡೆಯಿಂದ ಹೂವು ಬೀಳಲಿ ಅಂತ ಅರ್ಧ ಗಂಟೆ ಕೈಮುಗಿದು ನಿಂತಿದ್ದೆ. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಬಿತ್ತು, ಬಲಗಡೆಯಿಂದಲೇ, ಒಂದು ಕೆಂಪು ದಾಸವಾಳ. ಇಷ್ಟಪಟ್ಟಿದ್ದ ಹುಡುಗ ಒಪ್ಪಿದ, ಎಂಟು ತಿಂಗಳು ಸಿನಿಮಾ, ಮಸಾಲೆ ದೋಸೆ ಅಂತ ಸುತ್ತಿ ಆಮೇಲೆ ಫೋನ್ ಎತ್ತೋದೇ ಬಿಟ್ಟ. ಹೂವು ಎಡಕ್ಕೆ ಬಿದ್ದಿದ್ದರೆ ದೇವಿಯನ್ನಾದರೂ ಬೈಯಬಹುದಿತ್ತು. ನಗು ಜಾಸ್ತಿ ಇದೆ ಅಂತ ಪುಸ್ತಕದಲ್ಲಿ ನೋವಿಲ್ಲ ಅನ್ನಬೇಡಿ. ಆ ಜಿಪ್ಸಿ ಹೆಂಗಸನ್ನು ಲೇಖಕಿ ಬರೀ ಮಂತ್ರದಂಡದ ಥರ ಬಳಸಿದ್ದಾರೆ ಅಂತ ಬೈದಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.