ತೆಗೆ ಎಂದರೆ ತೆಗೆದೇಬಿಟ್ಟಿತು

ನವೆಂಬರ್ ಬಂತೆಂದರೆ ನನಗೆ ಕನ್ನಡಾಭಿಮಾನದ ಜ್ವರ ಏರುತ್ತದೆ. ಕಳೆದ ಸಲ ಆ ಜ್ವರದಲ್ಲೇ ಕಚೇರಿಯ ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಪ್ರೋಗ್ರಾಂ) ಬಳಸುವ ಟೂಲ್‌ಗಳಿಗೆಲ್ಲ, ಅಂದರೆ ಒಂದೊಂದು ಕೆಲಸಕ್ಕೆಂದು ಅದರ ಕೈಗೆ ಕೊಟ್ಟ ಸಲಕರಣೆಗಳಿಗೆಲ್ಲ, ಕನ್ನಡದಲ್ಲಿ ವಿವರಣೆ ಬರೆದೆ. ಪುಸ್ತಕ ಮಾರುವವರೊಬ್ಬರ ಜಾಲತಾಣದಲ್ಲಿ ಹುಡುಕಾಟದ ವ್ಯವಸ್ಥೆ ನೋಡಿಕೊಳ್ಳುವುದು ನಮ್ಮ ಕೆಲಸ. ಹುಡುಕುವವರು ಕನ್ನಡಿಗರು, ಹುಡುಕುವುದು ಕನ್ನಡ ಪುಸ್ತಕ. ವಿವರಣೆ ಮಾತ್ರ ಏಕೆ ಇಂಗ್ಲಿಷಿನಲ್ಲಿರಬೇಕು?

ಹುಡುಕಾಟದ ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ದೊಡ್ಡಣ್ಣ. ಯಾವ ಪದ ಎಲ್ಲೆಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ನಾವು ಬಳಸುವ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶದಲ್ಲಿ ಸದ್ಯಕ್ಕೆ ಬೇಡದ ಇಂಡೆಕ್ಸನ್ನು ಮುಚ್ಚಿಡಬಹುದು. ಡಿಸ್ಕಿನಲ್ಲಿ ಇರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಬೇಕಾದಾಗ ಮತ್ತೆ ತೆಗೆಯಬಹುದು. ಬೇಡವೇ ಬೇಡವೆಂದರೆ ಅಳಿಸಬಹುದು. ಟೂಲ್‌ನ ಒಳಗೇನಿದೆ ಎಂಬುದು ಏಜೆಂಟ್‌ಗೆ ಕಾಣುವುದಿಲ್ಲ. ಹೆಸರು, ಒಂದೆರಡು ಸಾಲಿನ ವಿವರಣೆ, ಏನೇನು ಕೊಡಬೇಕೆಂಬ ಪಟ್ಟಿ, ಇಷ್ಟನ್ನೇ ಓದಿ ಯಾವುದನ್ನು ಎತ್ತಿಕೊಳ್ಳಬೇಕೆಂದು ತೀರ್ಮಾನಿಸುತ್ತದೆ. ಅತ್ತೆ ಊರಿಗೆ ಹೋದಾಗ ಹೊಸ ಸೊಸೆ ಡಬ್ಬಿಗಳ ಮೇಲಿನ ಚೀಟಿ ನಂಬಿ ಸಾರು ಮಾಡಿದ ಹಾಗೆ.

ನನ್ನ ಚೀಟಿಗಳು ಹೀಗಿದ್ದವು. ಒಂದು: ‘ಮುಚ್ಚಿದ ಇಂಡೆಕ್ಸನ್ನು ತೆಗೆಯುತ್ತದೆ.’ ಇನ್ನೊಂದು: ‘ಹಳೆಯ ಇಂಡೆಕ್ಸನ್ನು ತೆಗೆಯುತ್ತದೆ.’ ಎರಡನೆಯದು ಅಳಿಸುವ ಟೂಲ್. ಟೂಲ್‌ಗಳ ಹೆಸರು ಚಿಕ್ಕದಾಗಿರಲೆಂದು ‘ಇಂಡೆಕ್ಸ್ 1’, ‘ಇಂಡೆಕ್ಸ್ 2’ ಎಂದು ಇಟ್ಟಿದ್ದೆ. (ಇದನ್ನು ಕಚೇರಿಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.)

ಒಂದು ಸಂಜೆ ಪುಸ್ತಕದವರು ಫೋನ್ ಮಾಡಿ, ನಾವು ಮುಚ್ಚಿಟ್ಟಿದ್ದ ಹಳೆಯ ಪಟ್ಟಿಯಲ್ಲಿ ಏನೋ ನೋಡಬೇಕೆಂದರು. ನಾನು ಏಜೆಂಟ್‌ಗೆ, ‘ಹಳೆಯ ಇಂಡೆಕ್ಸನ್ನು ತೆಗೆ’ ಎಂದು ಬರೆದು ಕಾಫಿಗೆ ಎದ್ದೆ. ಬರುವಷ್ಟರಲ್ಲಿ ಉತ್ತರ ಕಾದಿತ್ತು: ‘ಹಳೆಯ ಇಂಡೆಕ್ಸನ್ನು ತೆಗೆದಿದ್ದೇನೆ. ಇನ್ನೇನಾದರೂ ತೆಗೆಯಬೇಕೇ?’

ಅದರದೇನು ತಪ್ಪು? ಬಾಗಿಲು ತೆಗೆ ಎಂದರೆ ಯಾರೂ ಬಾಗಿಲನ್ನು ಕಿತ್ತು ಅಂಗಳದಲ್ಲಿಡುವುದಿಲ್ಲ. ಆದರೆ ಮುಳ್ಳು ತೆಗೆ ಎಂದರೆ ಕಿತ್ತೇ ಇಡಬೇಕು. ಫೋಟೊ ತೆಗೆದರೆ ಹೊಸದೊಂದು ಹುಟ್ಟುತ್ತದೆ, ಕಲೆ ತೆಗೆದರೆ ಇದ್ದದ್ದು ಹೋಗುತ್ತದೆ. ಮಗ ಮಾರ್ಕ್ಸ್ ತೆಗೆದರೆ ಸಂತೋಷ, ತಕರಾರು ತೆಗೆದರೆ ತಲೆನೋವು. ಇಷ್ಟು ಹೊರೆಯನ್ನು ಒಂದು ಬಡಪಾಯಿ ಕ್ರಿಯಾಪದದ ತಲೆಗೆ ಕಟ್ಟಿ ನಾವು ಸಾವಿರ ವರ್ಷ ನೆಮ್ಮದಿಯಾಗಿದ್ದೆವು. ಎದುರಿಗಿದ್ದವರಿಗೆ ಬಾಗಿಲು ಕಾಣುತ್ತಿತ್ತು, ಮುಳ್ಳು ಚುಚ್ಚುತ್ತಿತ್ತು. ಏಜೆಂಟ್‌ಗೆ ಕಂಡದ್ದು ‘ಹಳೆಯ’ ಎಂಬ ಪದವೊಂದೇ. ನಾನು ಹೇಳಿದ್ದರಲ್ಲೂ ಅದೇ, ಎರಡನೆಯ ಚೀಟಿಯಲ್ಲೂ ಅದೇ.

ಎಲಾಸ್ಟಿಕ್‌ಸರ್ಚ್‌ನ 8ನೇ ಆವೃತ್ತಿಯಿಂದೀಚೆಗೆ ಒಂದೇ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಅಳಿಸಲು ಹೋದರೆ ಅದು ತಾನಾಗಿ ತಡೆಯುತ್ತದೆ, ಹೆಸರು ಹೇಳು ಎನ್ನುತ್ತದೆ. ನಮ್ಮ ಏಜೆಂಟ್ ವಿನಯವಾಗಿ ಪೂರ್ತಿ ಹೆಸರು ಹಿಡಿದೇ ಅಳಿಸಿತ್ತು. ‘ಇದು ನಾಶ ಮಾಡುವ ಟೂಲ್’ ಎಂದು ಗುರುತು ಹಾಕಲು ಬೇರೆ ಜಾಗವೇ ಇತ್ತು; ಅದನ್ನು ಆಮೇಲೆ ತುಂಬಿದರಾಯಿತೆಂದು ಖಾಲಿ ಬಿಟ್ಟಿದ್ದೆ.

ಮ್ಯಾನೇಜರ್ ಬಂದು ಎರಡು ವಿವರಣೆಗಳನ್ನೂ ಓದಿದರು. ‘ಮೊದಲು ನಿಮ್ಮನ್ನು ತೆಗೆಯಬೇಕು’ ಎಂದರು. ಇದರ ಅರ್ಥದಲ್ಲಿ ಮಾತ್ರ ಗೊಂದಲವಿರಲಿಲ್ಲ.

ಪುಸ್ತಕಗಳ ಮೂಲ ವಿವರ ಡೇಟಾಬೇಸಿನಲ್ಲಿ ಭದ್ರವಾಗಿದ್ದುದರಿಂದ ಇಂಡೆಕ್ಸನ್ನು ಮತ್ತೆ ಕಟ್ಟಲು ಕೂತೆ. ಅದು ತೆವಳುತ್ತಿದ್ದಾಗ ಹೆಂಡತಿಗೆ ಫೋನಿನಲ್ಲಿ ಕಥೆಯೆಲ್ಲ ಹೇಳಿದೆ, ಆಮೇಲೆ ಚೀಟಿ ತಿದ್ದಿದೆ. ಮೊದಲನೆಯದು: ‘ಮುಚ್ಚಿಟ್ಟ ಇಂಡೆಕ್ಸನ್ನು ಹುಡುಕಾಟಕ್ಕಾಗಿ ತೆರೆಯುತ್ತದೆ. ಯಾವುದನ್ನೂ ಅಳಿಸುವುದಿಲ್ಲ.’ ಎರಡನೆಯದು: ‘ಇಂಡೆಕ್ಸನ್ನು ಶಾಶ್ವತವಾಗಿ ಅಳಿಸುತ್ತದೆ. ಬಳಕೆದಾರರು ಅಳಿಸು ಎಂದೇ ಕೇಳಿರಬೇಕು. ಕೇಳಿದ ಮೇಲೂ ಇಂಡೆಕ್ಸಿನ ಹೆಸರು ಹೇಳಿ ಒಪ್ಪಿಗೆ ಪಡೆಯಬೇಕು. ತೆಗೆ ಎಂದರೆ ಇದಲ್ಲ.’ ಬರೆಯುವ ಹುರುಪಿನಲ್ಲಿ ಹುಡುಕುವ ಟೂಲ್‌ಗೂ ಒಪ್ಪಿಗೆಯ ಷರತ್ತು ಅಂಟಿಸಿದ್ದೆ. ಪರೀಕ್ಷೆಗೆ ‘ಅಡುಗೆ ಪುಸ್ತಕ’ ಎಂದು ಹುಡುಕಿದರೆ, ‘ನಿಜವಾಗಿಯೂ ಹುಡುಕಲೇ?’ ಎಂದು ಮೂರು ಸಲ ಕೇಳಿತು. ಅದನ್ನು ಕಿತ್ತೆ.

ಮನೆ ಮುಟ್ಟಿದಾಗ ರಾತ್ರಿ ಎರಡು ಗಂಟೆ. ಬೀಗದ ಕೈ ಕಚೇರಿಯ ಮೇಜಿನ ಮೇಲೇ ಉಳಿದಿತ್ತು. ಮೆಲ್ಲಗೆ ತಟ್ಟಿ, ‘ಬಾಗಿಲು ತೆಗಿ’ ಎಂದೆ.

ಒಳಗಿನಿಂದ ಹೆಂಡತಿಯ ದನಿ ಬಂತು: ‘ತೆರೆಯಬೇಕೋ, ಅಳಿಸಬೇಕೋ? ಸ್ಪಷ್ಟವಾಗಿ ಹೇಳಿ.’

‘ತೆರೆ, ಶಾಶ್ವತವಾಗಿ ಏನನ್ನೂ ಮಾಡಬೇಡ’ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಎದುರುಮನೆಯ ದೀಪ ಹೊತ್ತಿತು.