ಗಾಯೋ ಬೆಟ್ಟಗಳಿಗೆ ಸುನಾಮಿ ಏರಿರಲಿಲ್ಲ

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಹಳ್ಳಿಗಳೆಲ್ಲ ಕೊಚ್ಚಿಹೋದವು, ಈಗ ಒಳನಾಡಿನಲ್ಲಿರುವುದು ಪರಿಹಾರದ ಹಣದಲ್ಲಿ ಕಟ್ಟಿದ ಮೀನುಗಾರರ ಕಾಲೊನಿಗಳು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಅಲೆಗಳು ನುಂಗಿದ್ದು ಕರಾವಳಿಯನ್ನು. ಒಳನಾಡಿನ ತಾಕೆಂಗೊನ್ ಪಟ್ಟಣ ಲಾವುತ್ ತಾವಾರ್ ಸರೋವರದ ದಡದಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಸುತ್ತಲಿನ ಹಳ್ಳಿಗರಲ್ಲಿ ಹೆಚ್ಚಿನವರು ಗಾಯೋ ಜನ. ಅವರ ಭಾಷೆ ಅಚೆ ಭಾಷೆಯಲ್ಲ. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಆ ಜನರ ಹೆಸರೇ ಸುದ್ದಿಗಳಲ್ಲಿ ಅಳಿಸಿಹೋಗುತ್ತದೆ.

ಅಲ್ಲಿಯ ಬದುಕು ನಿಂತಿರುವುದು ಅರೇಬಿಕಾ ಕಾಫಿಯ ಮೇಲೆ. ತೋಟಗಳು ಚಿಕ್ಕವು, ದುಡಿಮೆ ಮನೆಮಂದಿಯದು. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಬೀಜವನ್ನು ಅರೆಬರೆ ಒಣಗಿಸಿ ಮಾರುತ್ತಾರೆ. ಪಾರ್ಚ್‌ಮೆಂಟ್ ಪೊರೆಯನ್ನು, ಅಂದರೆ ಬೀಜವನ್ನು ಸುತ್ತಿರುವ ತೆಳು ಹೊಟ್ಟನ್ನು, ಹಸಿಯಾಗಿರುವಾಗಲೇ ಸುಲಿಯುವ ಈ ಪದ್ಧತಿಗೆ ಗಿಲಿಂಗ್ ಬಾಸಾ ಎಂದು ಹೆಸರು. ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಪಾರ್ಚ್‌ಮೆಂಟನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಸುಲಿಸುತ್ತಾರೆ. ಮಳೆ, ಮಂಜು ಬಿಡದ ಆ ಬೆಟ್ಟಗಳಲ್ಲಿ ಅಷ್ಟು ಕಾಯಲು ಬಿಸಿಲೆಲ್ಲಿ?

ಹಾಗೆಂದು ಒಳನಾಡು ಸುಖವಾಗಿತ್ತು ಎಂದಲ್ಲ. 1976ರಲ್ಲಿ ಆರಂಭವಾದ ಪ್ರತ್ಯೇಕತಾವಾದಿ ಸಂಘರ್ಷದ ಭಯ ಈ ಹಳ್ಳಿಗಳನ್ನೂ ಬಿಡಲಿಲ್ಲ. ತೋಟ ತೊರೆದು ಓಡಿದವರಿದ್ದರು. ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2005ರ ಆಗಸ್ಟ್ 15ರಂದು. ಮುಂದೆ 2013ರ ಜುಲೈ 2ರ ಭೂಕಂಪ ಮಧ್ಯ ಅಚೆ ಮತ್ತು ಬೆನೆರ್ ಮೆರಿಯಾ ಜಿಲ್ಲೆಗಳಲ್ಲಿ ಮನೆ, ಮಸೀದಿಗಳನ್ನು ಕೆಡವಿತು. ಅಲ್ಲಿ ಕುಸಿದ ಮನೆಯ ಚಿತ್ರ ಕಂಡರೆ ಸುನಾಮಿಯ ಹೆಸರು ಹಚ್ಚಬೇಡಿ.